ನಾಲ್ಕು ಚಕ್ರ, ನಾಲ್ಕು ನಿಂಬೆಹಣ್ಣು

ಅಮೆರಿಕದ ಕನ್ನಡ ಸಂಸಾರಗಳಲ್ಲಿ ‘ಎರಡನೇ ಕಾರು’ ಎಂಬ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಯಜಮಾನರು ವೀಸಾದಲ್ಲಿದ್ದಾಗ ಕೊಂಡ 2009ರ ಕ್ಯಾಮ್ರಿ. ಈಗ ಮಗನಿಗೆ ಡ್ರೈವಿಂಗ್ ಕಲಿಸಲು, ಇಂಡಿಯನ್ ಸ್ಟೋರಿನಿಂದ ಅಕ್ಕಿಮೂಟೆ ತರಲು, ಆರು ತಿಂಗಳಿಗೆಂದು ಬಂದ ಅತ್ತೆ-ಮಾವನವರನ್ನು ದೇವಸ್ಥಾನಕ್ಕೆ ಕರೆದೊಯ್ಯಲು ಮೀಸಲು. ಅದರ ಡ್ಯಾಶ್‌ಬೋರ್ಡಿನ ಮೇಲೆ, ಕುದುರೆ ಲಾಳದ ಆಕಾರದೊಳಗೆ ಆಶ್ಚರ್ಯಸೂಚಕ ಚಿಹ್ನೆಯಿರುವ ಹಳದಿ ದೀಪವೊಂದು ಹಗಲೂ ರಾತ್ರಿ ಉರಿಯುತ್ತಿರುತ್ತದೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕ, ಚಕ್ರದೊಳಗೆ ಕೂತು ಗಾಳಿಯ ಒತ್ತಡ ಅಳೆಯುವ ಹೊಸ ಸೆನ್ಸರ್ ಹಾಕಿಸಿದ ಮೇಲೂ ಉರಿಯುತ್ತದೆ. ಆಗ ಮನೆಮಂದಿಯೆಲ್ಲ ಸೇರಿ ಸೆನ್ಸರಿಗೆ ಶಾಪ ಹಾಕುತ್ತಾರೆ. ಆದರೆ ಹೆಚ್ಚಿನ ಸಲ ತಪ್ಪು ಆ ಬಡಪಾಯಿಯದಲ್ಲ, ಅದನ್ನು ಕಾರಿಗೆ ಪರಿಚಯ ಮಾಡಿಸದೆ ಕೈತೊಳೆದುಕೊಂಡವರದು ಎಂಬುದು ನನ್ನ ವಾದ.

ಸಾಕ್ಷಿ ಆ ದೀಪದಲ್ಲೇ ಇದೆ. ಕಾರು ಶುರು ಮಾಡಿದೊಡನೆ ನೆಟ್ಟಗೆ ಹೊತ್ತಿ ನಿಂತರೆ ಗಾಳಿ ಕಡಿಮೆ ಎಂದರ್ಥ. ಒಂದು ನಿಮಿಷದಷ್ಟು ಹೊತ್ತು ಮಿಣುಕಿ ಆಮೇಲೆ ನಿಂತರೆ ವ್ಯವಸ್ಥೆಯೇ ಕೆಟ್ಟಿದೆ, ಬಹುಪಾಲು ಯಾವುದೋ ಚಕ್ರದ ದನಿ ಕೇಳಿಸುತ್ತಿಲ್ಲ ಎಂದರ್ಥ. ಮೊದಲನೆಯದಕ್ಕೆ ಪಂಪು ಸಾಕು. ಎರಡನೆಯದಕ್ಕೆ ಎಷ್ಟು ಗಾಳಿ ತುಂಬಿದರೂ ಪ್ರಯೋಜನವಿಲ್ಲ. ಪ್ರತಿ ಸೆನ್ಸರಿಗೂ ತನ್ನದೇ ಗುರುತಿನ ಸಂಖ್ಯೆಯಿದೆ. ಕಾರಿನ ಕಂಪ್ಯೂಟರು ತನ್ನ ಪಟ್ಟಿಯಲ್ಲಿರುವ ಸಂಖ್ಯೆಗಳಿಗೆ ಮಾತ್ರ ಕಿವಿಗೊಡುತ್ತದೆ. ಈ ಕ್ಯಾಮ್ರಿಯ ಕಾಲದ ಟೊಯೋಟಾಗಳಲ್ಲಿ ಸಂಖ್ಯೆಗಳನ್ನು ಸ್ಟೇರಿಂಗಿನ ಕೆಳಗಿರುವ ಓಬಿಡಿ ಪೋರ್ಟಿಗೆ ಉಪಕರಣ ಸಿಕ್ಕಿಸಿಯೇ ಬರೆಯಬೇಕು. ಯಜಮಾನರು ಭಕ್ತಿಯಿಂದ ಒತ್ತಿ ಹಿಡಿಯುವ ರೀಸೆಟ್ ಗುಂಡಿ ಈಗಿರುವ ಗಾಳಿಯೇ ಸರಿಯಾದ ಗಾಳಿ ಎಂದು ಬರೆದುಕೊಳ್ಳುತ್ತದೆಯೇ ಹೊರತು ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ. ಜನರಲ್ ಮೋಟಾರ್ಸಿನ ಹಲವು ಕಾರುಗಳದು ಇನ್ನೊಂದು ಸಂಪ್ರದಾಯ: ಕೈಯಲ್ಲೊಂದು ಉಪಕರಣ ಹಿಡಿದು ಎಡ ಮುಂಚಕ್ರದಿಂದ ಹೊರಟು, ಬಲ ಮುಂದು, ಬಲ ಹಿಂದು, ಎಡ ಹಿಂದು ಎಂದು ಸುತ್ತು ಬರಬೇಕು, ಪ್ರತಿ ಚಕ್ರಕ್ಕೂ ಹಾರ್ನ್ ಒಮ್ಮೆ ಚಿಲಿಪಿಲಿಗುಟ್ಟಿ ಒಪ್ಪಿಗೆ ಕೊಡುತ್ತದೆ. ಸಾಕ್ಷಾತ್ ಪ್ರದಕ್ಷಿಣೆ! ಅಪ್ರದಕ್ಷಿಣೆಯಾಗಿ ಸುತ್ತಿದರೆ ಎಡದ ಚಕ್ರದ ದೂರನ್ನು ಕಾರು ಬಲದ ಮೇಲೆ ಹೊರಿಸುತ್ತದೆ. ಇನ್ನು 315 ಮೆಗಾಹರ್ಟ್ಸ್ ಕೇಳುವ ಕಾರಿಗೆ ಅಗ್ಗವೆಂದು 433ರ ಸೆನ್ಸರ್ ತಂದರಂತೂ ಯಾವ ಪ್ರದಕ್ಷಿಣೆಯೂ ಫಲಿಸದು. ಕಚೇರಿಯಲ್ಲಿ ನೂರಾರು ಸರ್ವರುಗಳ ಪಾಸ್‌ವರ್ಡ್ ಕಾಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿ ಬರುವುದೇ ತಮಾಷೆ.

‘ಕೆಟ್ಟಿರುವುದು ಒಂದು, ನಾಲ್ಕನ್ನೂ ಯಾಕೆ ಬದಲಿಸಬೇಕು?’ ಎಂದು ಮನೆಯ ಹಣಕಾಸು ಸಚಿವೆ ಕೇಳುವುದು ನ್ಯಾಯವೇ. ಆದರೆ ಒಳಗಿನ ಬ್ಯಾಟರಿ ಬದಲಿಸಲು ಬಾರದಂತೆ ಸೀಲಾಗಿರುತ್ತದೆ, ಆಯುಸ್ಸು ಸುಮಾರು ಐದರಿಂದ ಹತ್ತು ವರ್ಷ. ನಾಲ್ಕೂ ಒಂದೇ ಕಾರ್ಖಾನೆಯಿಂದ ಒಟ್ಟಿಗೆ ಹೊರಬಂದವು, ಹೋಗುವುದೂ ಹಿಂದೆಮುಂದೆ. ಒಂದೊಂದಕ್ಕೂ ಟೈರ್ ಬಿಚ್ಚಿಸಿ ಕೂಲಿ ಕೊಡುವ ಬದಲು, ಹೊಸ ಟೈರ್ ಹಾಕಿಸುವ ದಿನವೇ ನಾಲ್ಕನ್ನೂ ಬದಲಿಸಿದರೆ ಆ ಕೂಲಿ ಉಳಿಯುತ್ತದೆ. ಹಳೆಯವು ಇನ್ನೂ ಉಸಿರಾಡುತ್ತಿದ್ದರೆ ಅವುಗಳ ಸಂಖ್ಯೆಯನ್ನೇ ಹೊಸವಕ್ಕೆ ನಕಲು ಮಾಡಿಸಬಹುದು. ಕಾರಿಗೆ ಬದಲಾವಣೆಯ ಸುಳಿವೇ ಸಿಗದು. ಎಲ್ಲ ಸತ್ತ ಮೇಲೆ ಹೋದರೆ ನಕಲು ಅಷ್ಟು ಸಲೀಸಲ್ಲ.

ದೀಪದ ಮೇಲೆ ಕಪ್ಪು ಟೇಪ್ ಅಂಟಿಸಿಬಿಡೋಣ ಎನ್ನುವ ಪಂಥವೂ ಇದೆ. ಚಳಿಗಾಲದಲ್ಲಿ ಅದು ಸುಮ್ಮಸುಮ್ಮನೆ ಹೆದರಿಸುತ್ತದೆ ಎಂಬುದು ಅವರ ದೂರು. ಸುಮ್ಮಸುಮ್ಮನೆ ಅಲ್ಲ: ಹತ್ತು ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಸುಮಾರು ಒಂದು ಪಿಎಸ್‌ಐ ಗಾಳಿಯೂ ಇಳಿಯುತ್ತದೆ, ಮಿಷಿಗನ್ನಿನ ಜನವರಿ ಅಷ್ಟಕ್ಕೇ ನಿಲ್ಲುವುದಿಲ್ಲ. ಫೈರ್‌ಸ್ಟೋನ್ ಟೈರುಗಳು ಓಡುವಾಗಲೇ ಕಿತ್ತುಬಂದು ನೂರಕ್ಕೂ ಹೆಚ್ಚು ಜನ ಸತ್ತ ಮೇಲೆಯೇ 2000ದಲ್ಲಿ ಅಮೆರಿಕ ಈ ದೀಪಕ್ಕೆ ಕಾನೂನು ಮಾಡಿತು. ಕಾರಿಗೆ ಅಂಟಿಸಿದ ಗಾಳಿಯ ಚೀಟಿಯಲ್ಲಿ 32 ಎಂದಿದ್ದರೆ, 24ಕ್ಕೆ ಇಳಿಯುವ ಹೊತ್ತಿಗೆ ದೀಪ ಹೊತ್ತಲೇಬೇಕೆಂಬುದು ನಿಯಮ. ಅಂದರೆ ಅದು ಬಾಯಿ ಬಿಡುವುದೇ ತಡವಾಗಿ.

ಕೊನೆಯ ಆಕ್ಷೇಪಣೆ ಮಾವನವರದು, ಅದನ್ನು ತಳ್ಳಿಹಾಕುವಂತಿಲ್ಲ. ದಾವಣಗೆರೆಯಲ್ಲಿ ಮೂವತ್ತು ವರ್ಷ ಟೈರಿಗೆ ಒಂದು ಒದೆ ಕೊಟ್ಟೇ ಗಾಳಿ ತಿಳಿದವರು. ಹೊಸ ಕಾರಿನ ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣಿಟ್ಟು ಹತ್ತಿಸಿದರೆ ಸಾಕೆಂದು ನಂಬಿದವರು. ನಿಂಬೆಹಣ್ಣಿನ ಬಗ್ಗೆ ನನ್ನ ತಕರಾರಿಲ್ಲ. ಒದೆಯ ಬಗ್ಗೆ ಇದೆ: ಗಾಳಿ ಸರಿಯಿದ್ದಾಗಲೂ ರೇಡಿಯಲ್ ಟೈರಿನ ಹೊಟ್ಟೆ ಸ್ವಲ್ಪ ಉಬ್ಬಿಯೇ ಇರುತ್ತದೆ, ಕಾಲುಭಾಗ ಹೋದದ್ದು ಕಣ್ಣಿಗಾಗಲಿ ಕಾಲಿಗಾಗಲಿ ತಿಳಿಯದು. ಇಂಡಿಯಾದಲ್ಲಿ ಈ ರಗಳೆಯೇ ಇಲ್ಲ ಎಂದು ಅವರು ಹೇಳಬಹುದು. ಆದರೆ ಅಲ್ಲೂ ವಾಹನ ನಿಯಮಗಳ 2020ರ ತಿದ್ದುಪಡಿಯ ಪ್ರಕಾರ, ಟ್ಯೂಬ್‌ಲೆಸ್ ಟೈರಿನ ಕಾರಿನಲ್ಲಿ ಇದೇ ಸೆನ್ಸರು ಮತ್ತು ಪಂಕ್ಚರ್ ಕಿಟ್ ಇದ್ದರೆ ಸ್ಟೆಪ್ನಿ ಕೊಡಬೇಕಾಗಿಲ್ಲ. ಊರಿಗೆ ಮರಳಿದ ಮೇಲೆ ಮಾವನವರು ತಮ್ಮ ಹೊಸ ಕಾರಿನ ಡಿಕ್ಕಿಯನ್ನು ಒಮ್ಮೆ ತೆರೆದು ನೋಡಿಕೊಳ್ಳುವುದು ಒಳ್ಳೆಯದು.