ದ್ರಾಕ್ಷಿ ಕುಯ್ಲಿಗೆ ಸಮುದ್ರ ದಾಟುವವರಿಗೆ

"ದ್ರಾಕ್ಷಿ ಕುಯ್ಯಾಕೆ ಆಸ್ಟ್ರೇಲಿಯಾಕ್ಕೆ ಹೋಗ್ತನಂತೆ ಕಣೋ ನನ್ನ ಮೊಮ್ಮಗ. ಇಲ್ಲಿ ಕಾಯಿ ಕೆಡವಾಕೇ ಆಳು ಸಿಗಲ್ಲ!" ಬೇಲಿಯಾಚೆಯ ತೋಟದ ದೊಡ್ಡಪ್ಪನ ಮಾತಿನಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚಿತ್ತು. ಡಿಗ್ರಿ ಓದಿದ ಹುಡುಗ ನಮ್ಮೂರು ಕೆಂಕೆರೆ ಬಿಟ್ಟು ಅಷ್ಟು ದೂರ ಕೂಲಿಗೆ ಹೋಗುವುದೇ ಅಂತ.

"ಅದಕ್ಕೀಗ ಸರ್ಕಾರದ ದಾರಿಯೇ ಇದೆ ದೊಡ್ಡಪ್ಪ" ಅಂದೆ. 2024ರಿಂದ ಆಸ್ಟ್ರೇಲಿಯಾ ನಮ್ಮ ದೇಶದ ಹುಡುಗ ಹುಡುಗಿಯರಿಗೆ ವರ್ಷಕ್ಕೆ 1000 ವೀಸಾ ಇಟ್ಟಿದೆ. ವಯಸ್ಸು 18ರಿಂದ 30ರೊಳಗಿರಬೇಕು, ಪಿಯುಸಿ ಮುಗಿದ ಮೇಲೆ ಎರಡು ವರ್ಷವಾದರೂ ಓದಿರಬೇಕು, ಇಂಗ್ಲಿಷ್ ಬರಬೇಕು, ಲಾಟರಿಯಲ್ಲಿ ಹೆಸರು ಏಳಬೇಕು. ಒಂದು ವರ್ಷ ಅಲ್ಲಿದ್ದು ದೇಶ ನೋಡುತ್ತಲೇ ದುಡಿಯಬಹುದು. ಅಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ದ್ರಾಕ್ಷಿ ಸುಗ್ಗಿ. ದೊಡ್ಡ ತೋಟಗಳಲ್ಲಿ ಹೆಚ್ಚಾಗಿ ಯಂತ್ರವೇ ಕುಯ್ಯುತ್ತದೆ. ಸಣ್ಣ ವೈನರಿಗಳಲ್ಲಿ ಇನ್ನೂ ಕೈಗೆಲಸಕ್ಕೆ ಬೆಲೆ ಇದೆ.

"ಗೊಂಚಲು ಕುಯ್ಯಾದೇನ್ ಮಹಾ ಕೆಲ್ಸ?"

ಕುಯ್ಯುವುದು ಕೆಲಸದ ಮೊದಲ ತುಂಡು ಅಷ್ಟೇ. ಹಣ್ಣು ಬಿಸಿಯಾಗಬಾರದು ಅಂತ ನಸುಕಿನಲ್ಲೇ ಕತ್ತರಿ ಹಿಡಿದು ಸಾಲಿಗೆ ಇಳಿಯಬೇಕು. ಎಲೆ, ಕೊಳೆತ ಹಣ್ಣು ಆರಿಸಿ ತೆಗೆಯಬೇಕು. ಬಿಳಿ ವೈನಿಗೆ ಹಣ್ಣನ್ನು ಆಗಲೇ ಹಿಂಡಿ ರಸ ಬೇರೆ ಮಾಡುತ್ತಾರೆ. ಕೆಂಪು ವೈನಿನ ಬಣ್ಣವಿರುವುದು ಸಿಪ್ಪೆಯಲ್ಲಿ, ಅದಕ್ಕೆ ಸಿಪ್ಪೆಯ ಸಮೇತ ಹುಳಿಯಲು ಬಿಡುತ್ತಾರೆ. ಹುಳಿಯುವಾಗ ಸಿಪ್ಪೆಯೆಲ್ಲ ಮೇಲೆದ್ದು ಗಟ್ಟಿ ಪದರ ಕಟ್ಟುತ್ತದೆ. ಅದನ್ನು ದಿನಕ್ಕೆ ಎರಡು ಮೂರು ಸಲ ಒಳಕ್ಕೆ ಅದುಮಬೇಕು. ಮಿಕ್ಕ ಹೊತ್ತೆಲ್ಲ ತೊಳೆಯುವುದೇ: ತೊಟ್ಟಿ, ಪೈಪು, ಕ್ರೇಟು, ನೆಲ. ಹುಳಿಯುವ ತೊಟ್ಟಿಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಉಸಿರು ಕಟ್ಟಿಸಿ ಕೊಲ್ಲುತ್ತದೆ. ಒಬ್ಬನೇ ತೊಟ್ಟಿಗೆ ಇಳಿಯಬಾರದು ಅನ್ನುವುದನ್ನು ಹೋಗುವ ಮೊದಲೇ ಮೊಮ್ಮಗನಿಗೆ ಹೇಳಿ ಕಳಿಸಿ.

"ಅದು ಹೆಂಡವೇ ಅಲ್ವೇನೋ?"

ಮದ್ಯವೇ ದೊಡ್ಡಪ್ಪ, ಇಲ್ಲ ಅನ್ನುವುದಿಲ್ಲ. ಕುಡಿಯುವುದನ್ನು ಯಾರೂ ಕಲಿಯಬೇಕಿಲ್ಲ. ನಾನು ಕಲಿತು ಬರಲಿ ಅನ್ನುವುದು ಬೇರೆ. ಅಲ್ಲಿ ಕೆಲವೇ ಎಕರೆಯ ರೈತನೂ ಹಣ್ಣನ್ನು ಮಂಡಿಗೆ ಸುರಿದು ಬರದೆ, ತಾನೇ ವೈನು ಮಾಡಿ, ಸೀಸೆಯ ಮೇಲೆ ತನ್ನ ತೋಟದ ಹೆಸರು ಹಾಕಿ, ಬಂದವರಿಗೆ ಬಾಗಿಲಲ್ಲೇ ಮಾರುವುದುಂಟು. ನಮ್ಮ ಉಂಡೆ ಕೊಬ್ಬರಿ ಅದಕ್ಕಿಂತ ಕಡಿಮೆ ವಿದ್ಯೆಯೇ? ಸಿಪ್ಪೆ ಸಮೇತ ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಇಟ್ಟು ಕಾಯುತ್ತೇವೆ. ಉಂಡೆ ಒಡೆಯದ ಹಾಗೆ ಕರಟ ಬಿಡಿಸುತ್ತೇವೆ. ಇಷ್ಟು ಮಾಡಿ ತಿಪಟೂರು ಮಾರುಕಟ್ಟೆಗೆ ಚೀಲ ಹಾಕಿದ ಮೇಲೆ ಅದು ಯಾರ ತೋಟದ್ದು, ಯಾವ ಊರಿನದು ಅಂತ ತಿನ್ನುವವನಿಗೆ ಗೊತ್ತಾಗುವುದೇ ಇಲ್ಲ. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇತ್ತು, ಮಾರುಕಟ್ಟೆಯ ರೇಟು ಅದಕ್ಕಿಂತ ಎಷ್ಟೋ ಕೆಳಗೆ ಬಿತ್ತು. ಆಗ ಬೀದಿಗಿಳಿಯುವುದು ಬಿಟ್ಟರೆ ನಮಗೆ ಬೇರೆ ದಾರಿ ಇರಲಿಲ್ಲ.

"ಕೂಲಿ ನೆಟ್ಟಗೆ ಕೊಡ್ತಾರಾ?"

2025ರ ಜುಲೈನಲ್ಲಿ ಆಸ್ಟ್ರೇಲಿಯಾದ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್ ಆಯಿತು. ಕಾನೂನು ಇದ್ದ ಮಾತ್ರಕ್ಕೆ ಮೋಸ ನಿಲ್ಲುವುದಿಲ್ಲ. ಫ್ರಾನ್ಸಿನ ಶಾಂಪೇನ್ ಸೀಮೆಯಲ್ಲಿ ಯಂತ್ರದಿಂದ ಕುಯ್ಯುವಂತಿಲ್ಲ, ಎಲ್ಲ ಕೈಯಲ್ಲೇ ಆಗಬೇಕು. 2023ರ ಸುಗ್ಗಿಗೆ ಅಲ್ಲಿಗೆ ಕರೆತಂದ 50ಕ್ಕೂ ಹೆಚ್ಚು ಆಫ್ರಿಕಾದ ಕೂಲಿಗಳನ್ನು ಹೊಲಸು ಜಾಗದಲ್ಲಿ ಇರಿಸಿದ್ದರು. ಮಾನವ ಕಳ್ಳಸಾಗಣೆ ಅಂತ 2025ರಲ್ಲಿ ಕೋರ್ಟು ಮೂವರಿಗೆ ಶಿಕ್ಷೆ ಕೊಟ್ಟಿತು. ಅದಕ್ಕೇ ಏಜೆಂಟನ ಬಾಯಿಮಾತು ನಂಬಿ ಹೊರಡಬಾರದು. ಕೂಲಿ ಎಷ್ಟು, ಮಲಗುವುದು ಎಲ್ಲಿ ಅನ್ನುವುದು ಕಾಗದದಲ್ಲಿರಬೇಕು. ಪಾಸ್‌ಪೋರ್ಟ್ ಯಾರ ಕೈಗೂ ಕೊಡಬಾರದು.

ದೊಡ್ಡಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಈ ಕೆಲ್ಸ ಇಲ್ಲೆಲ್ಲೂ ಇಲ್ವಾ?" ಅಂದರು.

ಇದೆ. ಕನ್ವಲ್ ಗ್ರೋವರ್ ಅವರು 1988ರಲ್ಲಿ ದೊಡ್ಡಬಳ್ಳಾಪುರದ ಹತ್ತಿರ, ನಂದಿಬೆಟ್ಟದ ಬುಡದಲ್ಲಿ ಫ್ರಾನ್ಸಿನ ತಳಿಗಳನ್ನು ನೆಡಿಸಿದರು. ಅದೇ ಸೀಮೆಯ ಬೆಂಗಳೂರು ಬ್ಲೂ ದ್ರಾಕ್ಷಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಇದೆ. ಚನ್ನಪಟ್ಟಣದಲ್ಲೂ ವೈನರಿ ಇದೆ. ಬಳ್ಳಿ ನಿದ್ದೆ ಹೋಗುವಷ್ಟು ಚಳಿ ನಮ್ಮಲ್ಲಿಲ್ಲ, ಅದಕ್ಕೆ ವರ್ಷಕ್ಕೆ ಎರಡು ಸಲ ಸವರುತ್ತಾರೆ, ಏಪ್ರಿಲ್ ಸುಮಾರಿಗೆ ಒಮ್ಮೆ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಇನ್ನೊಮ್ಮೆ. ಕುಯ್ಲು ಬೇಸಿಗೆಗೆ ಬರುತ್ತದೆ. ಬೆನ್ನು ಬಗ್ಗುತ್ತದೋ ಇಲ್ಲವೋ, ಆಸೆ ನಿಜವೋ ಅಲ್ಲವೋ, ಒಂದು ಸುಗ್ಗಿ ಇಲ್ಲೇ ದುಡಿದರೆ ತಿಳಿಯುತ್ತದೆ.

ನಮ್ಮ ಸೀಮೆಯ ಮಕ್ಕಳಿಗೂ ಅದೇ ಮಾತು. ಮೊದಲು ಒಂದು ಸುಗ್ಗಿ ನಂದಿಬೆಟ್ಟದ ಕೆಳಗೆ ಕೆಲಸ ಮಾಡಿ. ಆಮೇಲೆ ಸಮುದ್ರ ದಾಟುವುದಾದರೆ ದಾಟಿ. ಕೂಲಿಯ ಜೊತೆಗೆ, ಸಣ್ಣ ರೈತ ತನ್ನ ಬೆಳೆಯನ್ನು ತಾನೇ ಪದಾರ್ಥ ಮಾಡಿ ಮಾರುವ ಬಗೆಯನ್ನೂ ಕಲಿತು ಬನ್ನಿ. ಕೆಂಕೆರೆಯ ಕೊಬ್ಬರಿ ಕೆಂಕೆರೆಯ ಹೆಸರಿನಲ್ಲೇ ಮಾರಾಟವಾಗಲು ಅಂಥ ಕಲಿತವರು ಬೇಕು.