ಬ್ರೆಜಿಲಿನ ಹಿಮವೂ ಬಿಟ್ಟಂಗಾಲದ ಮಳೆಯೂ

ದಾಯಾದಿಗಳು ಒಂದೇ ಊರಿನಲ್ಲಿರಬೇಕೆಂಬ ನಿಯಮವೇನೂ ಇಲ್ಲವಷ್ಟೆ. ವಿರಾಜಪೇಟೆಯಿಂದ ಗೋಣಿಕೊಪ್ಪಲಿಗೆ ಹೋಗುವ ಹಾದಿಯಲ್ಲಿ ಕಾಫಿ ತೋಟಗಳ ನಡುವೆ ಕುಳಿತಿರುವ ನಮ್ಮ ಬಿಟ್ಟಂಗಾಲದವರಿಗೆ ಒಬ್ಬ ದಾಯಾದಿಯು ಸಾಗರಗಳಾಚೆ ಬ್ರೆಜಿಲಿನಲ್ಲಿದ್ದಾನೆ. ಅವನ ಕಣಜ ತುಂಬಿದರೆ ನಮ್ಮ ಕಿಸೆ ಬರಿದಾಗುವುದು, ಅವನಿಗೆ ಕೇಡಾದರೆ ನಮ್ಮಲ್ಲಿ ಮದುವೆಗಳು ನಿಶ್ಚಯವಾಗುವುವು. 1975ರ ಜುಲೈ ತಿಂಗಳಲ್ಲಿ ಅಲ್ಲಿಯ ಪರಾನಾ ಪ್ರಾಂತ್ಯದ ಕಾಫಿ ಗಿಡಗಳು ಹಿಮ ಕವಿದು ಕರಿಕಾದುವೆಂಬ ವಾರ್ತೆಯನ್ನು ಕೇಳಿ ನಮ್ಮ ಸೋದರಮಾವನವರು ‘ಅಯ್ಯೋ ಪಾಪ’ ಎಂದು ಬಾಯಿಂದ ನುಡಿದರಾದರೂ, ಅವರ ಮೀಸೆಯ ತುದಿಗಳೆರಡೂ ಆ ಅನುಕಂಪದಲ್ಲಿ ಪಾಲ್ಗೊಳ್ಳದೆ ಮೇಲೇರಿದ್ದುವು.

ಇಂತಹ ಮಾವನವರೇ ರಾತ್ರಿಯ ಊಟವಾದೊಡನೆ ಕೈಸಾಲೆಯಲ್ಲಿ ರೇಡಿಯೊದ ಮುಂದೆ ಕುಳಿತು ಆ ದಾಯಾದಿಯ ಮತ್ತು ಅವನ ಲ್ಯಾಟಿನ್ ನೆರೆಹೊರೆಯವರ ಸಂಗೀತಕ್ಕೆ ತಲೆದೂಗುತ್ತಿದ್ದರು. ‘ವಾಯ್ಸ್ ಆಫ್ ಅಮೆರಿಕ’ದಲ್ಲಿ 1955ರಿಂದ ಜಾಸ್ ಕಾರ್ಯಕ್ರಮವನ್ನು ನಡೆಸುತ್ತಿದ್ದ ವಿಲ್ಲಿಸ್ ಕಾನೋವರ್ ಎಂಬ ಮಹಾಶಯರು, ಇಂಗ್ಲಿಷನ್ನು ಅರೆಬರೆ ಬಲ್ಲವರಿಗೂ ತಿಳಿಯಲೆಂದು ಒಂದೊಂದು ಪದವನ್ನೂ ಬಿಡಿಬಿಡಿಯಾಗಿ ನಿಧಾನದಿಂದ ಉಚ್ಚರಿಸುತ್ತಿದ್ದುದರಿಂದ, ವಾದಕರ ಹೆಸರುಗಳೆಲ್ಲ ಮಾವನವರಿಗೆ ನಂಟರ ಮನೆತನಗಳಷ್ಟೇ ಕಂಠಸ್ಥವಾಗಿದ್ದುವು. ಕ್ಯೂಬಾದ ಚಾನೊ ಪೋಸೊ 1947ರಲ್ಲಿ ಡಿಜ್ಜಿ ಗಿಲೆಸ್ಪಿಯ ಮೇಳಕ್ಕೆ ತನ್ನ ಕಾಂಗಾ ವಾದ್ಯದೊಡನೆ ಬಂದು ಸೇರಿದುದು, ನ್ಯೂಯಾರ್ಕಿನ ಪೋರ್ಟೊರಿಕನ್ ತರುಣರು ಮಾಂಬೊವಿಗೆ ಸೋಲ್ ಸಂಗೀತವನ್ನು ಬೆರಸಿ ‘ಬೂಗಲೂ’ ಎಂಬ ಹೊಸ ಕುಣಿತವನ್ನು ಹುಟ್ಟಿಸಿದುದು, ಎಲ್ಲವೂ ಅವರ ನಾಲಗೆಯ ತುದಿಯಲ್ಲಿತ್ತು. ಸ್ಟಾನ್ ಗೆಟ್ಜ್‌ರೊಡನೆ ಮಾಡಿದ ಧ್ವನಿಮುದ್ರಿಕೆಗಾಗಿ 1965ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆದ ಬ್ರೆಜಿಲಿನ ಜೊಆವೊ ಜಿಲ್ಬರ್ಟೊ ತನ್ನ ಪಿಸುದನಿಯಲ್ಲಿ ಹಾಡತೊಡಗಿದರೆ ಮಾತ್ರ ಮಾವನವರು ನಿಟ್ಟುಸಿರು ಬಿಟ್ಟು, “ಪಾಪ, ಇವನ ತೋಟಕ್ಕೂ ಹಿಮ ಬಿದ್ದಿರಬೇಕು ಕಣೋ” ಎನ್ನುತ್ತಿದ್ದರು. ಈ ಬಾರಿ ಮೀಸೆ ಏರುತ್ತಿರಲಿಲ್ಲ. ಹೊರಗೆ ಕಕ್ಕಡ ಮಾಸದ ಮಳೆ ಹೆಂಚಿನ ಮೇಲೆ ಸುರಿಯುತ್ತಿರಲು, ಶಾರ್ಟ್ ವೇವಿನ ಗೊರಗೊರವು ಎಲ್ಲಿ ಮುಗಿದು ಮರಾಕಸ್ ಬುರುಡೆಯೊಳಗಣ ಕಾಳುಗಳ ಸದ್ದು ಎಲ್ಲಿ ಮೊದಲಾಯಿತೆಂಬುದನ್ನು ನಿರ್ಣಯಿಸಲು ಸಾಕ್ಷಾತ್ ನಾರದರೇ ಇಳಿದು ಬರಬೇಕಾಗಿತ್ತು.

ಕ್ಯೂಬಾ ಸಂಗೀತದ ಆಧಾರ ‘ಕ್ಲಾವೆ’ ಎಂಬ ಎರಡು ಮರದ ತುಂಡುಗಳು. ಮೂರು ಪೆಟ್ಟು, ಬಿಡುವು, ಮತ್ತೆ ಎರಡು ಪೆಟ್ಟು, ಇಷ್ಟರ ಮೇಲೆಯೇ ಇಡೀ ಮೇಳ ನಿಂತಿರುತ್ತದೆ. ಅವನ್ನು ಬೀಟೆಯ ಜಾತಿಯ ಮರದಿಂದ ಮಾಡುವುದು ವಾಡಿಕೆ. ಸ್ವಂತ ತೋಟದ ಬೀಟೆಗೆ ಕೊಡಲಿಯಿಡಲೂ ಸರ್ಕಾರದ ಅಪ್ಪಣೆಯನ್ನು ಬೇಡಬೇಕಾದ ನಾಡಿನಲ್ಲಿ, ತಾಳ ಹಾಕುವುದಕ್ಕಾಗಿ ಬೀಟೆ ಬೇಕೆಂದು ಅರ್ಜಿ ಬರೆದರೆ ಅದು ಯಾವ ಕಡತವನ್ನು ಸೇರೀತೆಂದು ಯೋಚಿಸಿದ ಮಾವನವರು, ಮುತ್ತಜ್ಜನ ಮಂಚದ ಮುರಿದ ಕಾಲಿನಿಂದಲೇ ಗೇಣುದ್ದದ ಎರಡು ತುಂಡುಗಳನ್ನು ಮಾಡಿಸಿಕೊಂಡರು. ಮೊದಲ ಮೂರು ಪೆಟ್ಟುಗಳು ನಿರ್ದುಷ್ಟವಾಗಿ ಬೀಳುತ್ತಿದ್ದುವು; ಆದರೆ ನಡುವಣ ಬಿಡುವಿನಲ್ಲಿ ಅವರು ನಶ್ಯದ ಡಬ್ಬಿಗೆ ಕೈ ಹಾಕುತ್ತಿದ್ದುದರಿಂದ, ಅವರು ಮರಳಿ ಬರುವಷ್ಟರಲ್ಲಿ ಹವಾನದವರು ಬಹುದೂರ ಸಾಗಿಬಿಟ್ಟಿರುತ್ತಿದ್ದರು.

ಈ ಲಯವು ನಮ್ಮವರಿಗೆ ಅಷ್ಟೊಂದು ಅಪರಿಚಿತವೂ ಆಗಿರಲಿಲ್ಲ. 1950ರ ‘ಸಮಾಧಿ’ ಚಿತ್ರದ ‘ಗೋರೇ ಗೋರೇ’ ಗೀತೆಯಲ್ಲಿ ಸಿ. ರಾಮಚಂದ್ರರು ಲ್ಯಾಟಿನ್ ಧಾಟಿಯನ್ನು ಹಿಂದಿಗೆ ಒಗ್ಗಿಸಿದ್ದರು; ಮುಂಬಯಿಯ ಕಾವಸ್ ಲಾರ್ಡರು ಬಾಂಗೊ, ಕಾಂಗಾಗಳನ್ನು ಚಿತ್ರಗೀತೆಗಳಲ್ಲಿ ನುಡಿಸಿ ಮನೆಮಾತಾಗಿಸಿದ್ದರು. ಅದಕ್ಕಿಂತ ಮಿಗಿಲಾಗಿ, ವಾಲಗ ಮೊಳಗಿದೊಡನೆ ಪೀಚೆಕತ್ತಿ ಸಿಕ್ಕಿಸಿದ ಗಂಭೀರ ವೃದ್ಧರೂ ಕೈಯೆತ್ತಿ ಕುಣಿಯಲಿಳಿಯುವ ನಾಡು ನಮ್ಮದು. ಒಂದು ರಾತ್ರಿ ರೇಡಿಯೊದಲ್ಲಿ ಸಾಂಬಾ ಬಿರುಸಾಗುತ್ತಿರಲು, ಕಡಂಬಟ್ಟಿನ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದ ಅತ್ತೆಯವರು ಕ್ಷಣಕಾಲ ಕಿವಿಗೊಟ್ಟು, “ಇದೇನು ಮಹಾ! ನಮ್ಮ ವಾಲಗದವರ ಕೈಯಿಂದ ಕೊಂಬು ಕಿತ್ತುಕೊಂಡು ಬೇರೆ ಪಿತ್ತಳೆ ಕೊಟ್ಟಿದ್ದಾರೆ, ಅಷ್ಟೇ ತಾನೆ” ಎಂದು ತೀರ್ಪಿತ್ತು ಒಳಗೆ ಹೋದರು. ಇದಕ್ಕಿಂತ ಹೆಚ್ಚಿನದನ್ನು ಯಾವ ಸಂಗೀತ ವಿಮರ್ಶಕನೂ ಹೇಳಿದ್ದನ್ನು ನಾನು ಓದಿಲ್ಲ.

ಆದುದರಿಂದ ಮಡಿಕೇರಿ ಆಕಾಶವಾಣಿಯವರಲ್ಲಿ ನನ್ನದೊಂದು ವಿಜ್ಞಾಪನೆಯುಂಟು: ವಾರಕ್ಕೊಮ್ಮೆ ಅರ್ಧ ಗಂಟೆಯ ಕಾಲ ವಾಲಗವನ್ನೂ ಸಾಂಬಾವನ್ನೂ ಒಂದರ ಬೆನ್ನಿಗೆ ಒಂದನ್ನಿಟ್ಟು ಪ್ರಸಾರ ಮಾಡೋಣವಾಗಲಿ. ಕಾಫಿಯ ಧಾರಣೆ ಕುಸಿದ ವಾರದಲ್ಲಿ ಅದನ್ನು ಒಂದು ಗಂಟೆಗೆ ಏರಿಸಿದರೆ, ದಾಯಾದಿಯಿಂದ ನಮಗೆ ಬರತಕ್ಕ ಬಾಕಿಯು ಅಷ್ಟರಮಟ್ಟಿಗೆ ವಸೂಲಾಯಿತೆಂದು ನಾವು ಲೆಕ್ಕ ಬರೆದುಕೊಳ್ಳುವೆವು.