ಅತ್ತೆಯ ತಂಡ

ಹೀರೋಕ್ಲಿಕ್ಸ್ ಎಂಬ ಗೊಂಬೆಯಾಟ ಆಡಲು ಮಜವಾಗಿದೆಯೇ ಎಂದು ನನ್ನ ಮಗನನ್ನು ಕೇಳಿದರೆ ಊಟ ಆರುವ ತನಕ ಮಾತಾಡುತ್ತಾನೆ. ಅವನ ಅಪ್ಪನನ್ನು ಕೇಳಿದರೆ ಮಾತಿಲ್ಲದೆ ಕ್ರೆಡಿಟ್ ಕಾರ್ಡ್ ಬಿಲ್ ತೋರಿಸುತ್ತಾರೆ. ಇಬ್ಬರ ಸಾಕ್ಷಿಯನ್ನೂ ನಾನು ಒಪ್ಪುವುದಿಲ್ಲ. ತೀರ್ಪು ಕೊಡಲು ತಕ್ಕವರೆಂದರೆ ಚನ್ನಪಟ್ಟಣದಿಂದ ನ್ಯೂಜೆರ್ಸಿಗೆ ಬಂದಿಳಿದ ನಮ್ಮ ಅತ್ತೆ.

ಗೊಂಬೆಯ ವಿಷಯದಲ್ಲಿ ಅವರ ಮುಂದೆ ಬಾಯಿ ಬಿಡುವಂತಿಲ್ಲ. ತಿರುಗುವ ಆಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ, ಉಜ್ಜಾಟದ ಬಿಸಿಗೇ ಬಣ್ಣ ಕರಗಿ ಮೆತ್ತಿಕೊಳ್ಳುವುದನ್ನೂ ಮೇಲೆ ಕೇದಗೆ ಗರಿ ಹಿಡಿದು ಹೊಳಪು ಬರಿಸುವುದನ್ನೂ ತೌರಲ್ಲಿ ನೋಡುತ್ತಾ ಬೆಳೆದವರು. ಮೊಮ್ಮಗ ಕೈಗಿಟ್ಟ ಹೆಬ್ಬೆರಳುದ್ದದ ಪ್ಲಾಸ್ಟಿಕ್ ವೀರನನ್ನು ಮೂಸಿದರು.

“ಏನ್ಲಾ ಮಗ, ಇದು ಉರುಳಲ್ಲ, ಬುಗುರಿ ಥರ ತಿರುಗಲ್ಲ. ಇದ್ರಲ್ಲಿ ಏನಾಡ್ತೀಯ?”

“ಬುಡ ತಿರುಗುತ್ತೆ ಅಜ್ಜಿ.”

ಈ ಆಟದ ಜೀವವೆಲ್ಲ ಆ ಬುಡದಲ್ಲೇ ಇದೆ. ವಿಜ್‌ಕಿಡ್ಸ್ ಕಂಪನಿ 2002ರಲ್ಲಿ ಇದನ್ನು ತಂದಾಗ ಕಾಗದ ಪೆನ್ಸಿಲಿನ ಲೆಕ್ಕವನ್ನೆಲ್ಲ ಗೊಂಬೆಯ ಕಾಲಡಿಗೆ ತುರುಕಿಬಿಟ್ಟಿತು. ಬುಡದ ಕಿಂಡಿಯಲ್ಲಿ ವೇಗ, ದಾಳಿ, ರಕ್ಷಣೆ, ಪೆಟ್ಟಿನ ಬಲ ಎಂದು ಅಂಕಿಗಳು ಕಾಣುತ್ತವೆ. ಎರಡು ದಾಳ ಹಾಕಿ, ಬಿದ್ದದ್ದಕ್ಕೆ ನಿಮ್ಮ ದಾಳಿಯ ಅಂಕಿ ಕೂಡಿಸಿ, ಎದುರಾಳಿಯ ರಕ್ಷಣೆಯನ್ನು ಮುಟ್ಟಿದರೆ ಏಟು ಬಿತ್ತು. ಏಟು ತಿಂದವನ ಬುಡವನ್ನು ಟಿಕ್ ಟಿಕ್ ಎಂದು ತಿರುಗಿಸಬೇಕು, ಅಂಕಿಗಳು ಬದಲಾಗುತ್ತವೆ. ಕೆಲವರು ಸೊರಗುತ್ತಾರೆ, ಕೆಲವರು ಏಟು ಬಿದ್ದಷ್ಟೂ ಕೆರಳುತ್ತಾರೆ. ಎರಡು ದಾಳದಲ್ಲೂ ಒಂದೊಂದೇ ಬಿದ್ದರೆ ಹೊಡೆಯಲು ಹೋದವನಿಗೇ ಪೆಟ್ಟು. ಅತ್ತೆಗೆ ಈ ನಿಯಮ ಬಹಳ ಹಿಡಿಸಿತು.

ಹಿಡಿಸದೆ ಹೋದದ್ದು ವ್ಯಾಪಾರ. ಡಬ್ಬಿ ಒಡೆಯುವ ತನಕ ಒಳಗೆ ಯಾರಿದ್ದಾರೆಂದು ತಿಳಿಯದು. ಬೇಕಾದವನು ಸಿಗುವ ತನಕ ಕೊಳ್ಳುತ್ತಿರಬೇಕು, ಬೇಡದವರು ಮಂಚದ ಕೆಳಗೆ ಸಂಸಾರ ಹೂಡುತ್ತಾರೆ. “ನಮ್ಮೂರ ರೋಡಲ್ಲಿ ಗೊಂಬೆನ ಹಿಂಗೆ ಮುಚ್ಚಿಟ್ಟು ಮಾರಿದ್ರೆ ಯಾವನ್ಲಾ ಕಾರಿಂದ ಇಳ್ದಾನು?” ಎಂದರು ಅತ್ತೆ. (ಊರನ್ನು ಬಳಸಿ ಹೋಗುವ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಚನ್ನಪಟ್ಟಣದಲ್ಲಿ ತೆರೆದಿಟ್ಟರೂ ಇಳಿಯುವವರು ಕಡಿಮೆ. ಅದು ಬೇರೆಯದೇ ಸಂಕಟ.)

ಅತ್ತೆಗೆ ಇಂಗ್ಲಿಷ್ ಬಾರದು, ಆದ್ದರಿಂದ ಸುಲಭವಾಗಿ ಸೋಲುತ್ತಾರೆಂದು ಮಗ ಎಣಿಸಿದ್ದ. ಆದರೆ ವಿಶೇಷ ಶಕ್ತಿಗಳನ್ನು ಗುರುತಿಸುವುದು ಅಂಕಿಯ ಹಿಂದಿನ ಬಣ್ಣದ ಚೌಕದಿಂದ. ಯಾವ ಬಣ್ಣಕ್ಕೆ ಯಾವ ಶಕ್ತಿ ಎಂಬುದನ್ನು ಒಮ್ಮೆ ಬಾಯಲ್ಲಿ ಹೇಳಿಸಿಕೊಂಡರು, ಮುಗಿಯಿತು. ಮಗ ಇನ್ನೂ ಪಟ್ಟಿ ಹುಡುಕುತ್ತಿರುವಾಗ ಇವರ ದಾಳ ಬಿದ್ದಾಗಿರುತ್ತಿತ್ತು. ಜೊತೆಗೆ ಚೌಕಾಬಾರದ ಪಳಗಿದ ಕೈ. ಅಲ್ಲಿ ಹೊಡೆಸಿಕೊಂಡ ಕಾಯಿ ಮತ್ತೆ ಮೊದಲಿನಿಂದ ಹೊರಡಬೇಕು. ಹಣ್ಣಾಗುವ ಹೊತ್ತಿಗೆ ಕಾಯಿ ಕಳೆದುಕೊಂಡವರಿಗೆ ಇಲ್ಲಿನ ಒಂದೆರಡು ಟಿಕ್ ಯಾವ ಲೆಕ್ಕ?

ಒಂದೇ ಗೊಂಬೆಯನ್ನು ಬೆನ್ನುಬೆನ್ನಿಗೆ ಎರಡು ಸರದಿ ದುಡಿಸಿದರೆ ದಣಿವಿಗೆಂದು ಒಂದು ಟಿಕ್ ಕಳೆಯುವ ನಿಯಮವೂ ಇದೆ. ಮಗ ತನ್ನ ವೀರ ಹಲ್ಕ್‌ನನ್ನು ಬಿಡುವಿಲ್ಲದೆ ನುಗ್ಗಿಸಿ ಸುಸ್ತು ಮಾಡಿದ. ಅತ್ತೆ ತಮ್ಮವರನ್ನು ಸರದಿಯ ಮೇಲೆ ಕೂರಿಸಿ ಏಳಿಸಿದರು. “ದುಡಿಯೋರಿಗೆ ಬಿಡುವು ಕೊಡ್ಬೇಕು ಕಣ್ಲಾ, ಇಲ್ದಿದ್ರೆ ಮುರ್ಕೊಂಡು ಬೀಳ್ತಾರೆ.” ಈ ಜ್ಞಾನ ನಾನು ಹೊಸ ಸೊಸೆಯಾಗಿ ಅವರ ಅಡುಗೆಮನೆ ಹೊಕ್ಕಾಗಲೇ ಉದಿಸಿದ್ದರೆ ಎಷ್ಟು ಚೆನ್ನಿತ್ತು! ಹಲ್ಕ್ ಸತ್ತ. ಮಗ ನಿಯಮದ ಪುಸ್ತಕ ತಂದ. ಪುಸ್ತಕವೂ ಅಜ್ಜಿಯ ಕಡೆಯೇ ಇತ್ತು.

ಆಟ ಮಜವಾಗಿದೆ, ಎದುರು ಕೂರಲು ಒಬ್ಬರಿದ್ದರೆ. ಕಪಾಟಿನಲ್ಲಿ ಜೋಡಿಸಿಟ್ಟು ಧೂಳು ಒರೆಸುವುದಕ್ಕಾದರೆ ದಂಡ. ಕೊಳ್ಳುವವರು ಮುಚ್ಚಿದ ಡಬ್ಬಿಗೆ ಮರುಳಾಗದೆ, ಬೇಕಾದವರನ್ನು ಬಿಡಿಯಾಗಿ ಕೊಳ್ಳಿ. ಎರಡು ತಂಡಕ್ಕೆ ಆಗುವಷ್ಟೇ ಸಾಕು. ಊರಿಂದ ಅತ್ತೆ ಬರುವವರಿದ್ದರೆ ಮಾತ್ರ, ಅವರು ವಿಮಾನ ಹತ್ತುವ ಮೊದಲೇ ನೀವು ನಾಲ್ಕು ಆಟ ಅಭ್ಯಾಸ ಮಾಡಿಕೊಳ್ಳಿ.